ಸದ್ದು ಅಡಗಿದರೆ ಪೆಟ್ಟು ಕುಗ್ಗೀತೇ?

ಪ್ರಶ್ನೆ: ನಮ್ಮ ಅಳಿಯಂದಿರು ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಎಂಜಿನಿಯರ್. ಅಲ್ಲಿನ ಸ್ನೇಹಿತರ .375 (ಗುಂಡಿನ ದಪ್ಪ, ಅಂಗುಲದಲ್ಲಿ) ಬೇಟೆ ರೈಫಲ್ಲಿನ ತುದಿಗೆ ಸೈಲೆನ್ಸರ್ ಹಾಕಿರುವ ಫೋಟೊ ಕಳಿಸಿದ್ದಾರೆ. ಸದ್ದು ಅಡಗಿದರೆ ಗುಂಡಿನ ಪೆಟ್ಟೂ ಕುಗ್ಗುವುದಿಲ್ಲವೇ? ಕಾಡೆಮ್ಮೆಯಂಥ ಪ್ರಾಣಿಗೆ ಅದು ಸಾಲುತ್ತದೆಯೇ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಪೆಟ್ಟು ಕುಗ್ಗುವುದಿಲ್ಲ. ನಿಮ್ಮ ಅನುಮಾನ ಹುಟ್ಟಿದ್ದು ಬೈಕಿನಿಂದ ಎಂದು ನನ್ನ ಗುಮಾನಿ. ಸಂಜೆ ಕಲಬುರಗಿಯ ಜಗತ್ ವೃತ್ತದಲ್ಲಿ ನಿಂತರೆ ಸೈಲೆನ್ಸರ್ ಕಿತ್ತು ಓಡಿಸುವ ಹುಡುಗರು ಕಿವಿ ಕೊರೆಯುತ್ತಾರೆ. ಕಿತ್ತರೆ ಎಂಜಿನ್ನಿಗೆ ಬಲ ಎಂದು ಅವರ ನಂಬಿಕೆ. ಕೋವಿಗೆ ಆ ಗೋಜಿಲ್ಲ. ಮದ್ದಿನ ಅನಿಲ ಗುಂಡನ್ನು ತಳ್ಳುವ ಕೆಲಸ ನಳಿಕೆಯೊಳಗೇ ಮುಗಿದಿರುತ್ತದೆ. ಆ ಅನಿಲ ಸೈಲೆನ್ಸರಿನ ತಡೆಬಿಲ್ಲೆಗಳ ನಡುವೆ ಸಿಕ್ಕಿ ಸುತ್ತುವಷ್ಟರಲ್ಲಿ ಗುಂಡು ಹೋಗಿಯಾಗಿದೆ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾದ 300 ಗ್ರೇನ್ ಗುಂಡು, ಅಂದರೆ 19.4 ಗ್ರಾಂ, ಸೆಕೆಂಡಿಗೆ 760 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. ಸೈಲೆನ್ಸರಿನಿಂದ ಅದರಲ್ಲಿ ಕೆಲವು ಮೀಟರ್ ವ್ಯತ್ಯಾಸವಾದೀತು, ಅದೂ ಹೆಚ್ಚಾಗಿ ಏರುವ ಕಡೆಗೇ. ಕಾಡೆಮ್ಮೆಗೆ ಅದು ಗೊತ್ತೂ ಆಗದು.

ಸದ್ದಾದರೂ ಪೂರ್ತಿ ಅಡಗುವುದಿಲ್ಲ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ ಗಾಳಿಯಲ್ಲಿ ಏಳುವ ಚಟಾರ್ ಎಂಬ ಸದ್ದು ಹಾಗೆಯೇ ಉಳಿಯುತ್ತದೆ. ಇಂಥ ಕೋವಿಯ ಸದ್ದು 160 ಡೆಸಿಬಲ್ ದಾಟುತ್ತದೆ. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 30 ಇಳಿಸಬಹುದು. ಸೇನೆಯಲ್ಲಿ 17 ವರ್ಷ ಆರ್ಮರರ್, ಅಂದರೆ ಕೋವಿ ರಿಪೇರಿಯವ, ಆಗಿದ್ದು ಎಡಗಿವಿಯನ್ನು ಅಲ್ಲಿಯೇ ಬಿಟ್ಟು ಬಂದ ನನ್ನಂಥವನಿಗೆ ಅಷ್ಟೇ ಅಮೃತ.

ನಿಜವಾದ ತಕರಾರು ಭಾರದ್ದು ಮತ್ತು ಉದ್ದದ್ದು. ನಳಿಕೆಯ ತುದಿಗೆ ಅರ್ಧ ಕಿಲೋ ತೂಗುಬಿದ್ದರೆ ನಳಿಕೆ ನಡುಗುವ ರೀತಿಯೇ ಬದಲಾಗುತ್ತದೆ, ಗುಂಡು ಬೇರೆಡೆ ಬೀಳುತ್ತದೆ. ಬಯೊನೆಟ್ ಸಿಕ್ಕಿಸಿದ ರೈಫಲ್ಲು ಗುರಿಹಲಗೆಯಲ್ಲಿ ಜಾಗ ಬದಲಿಸುವುದನ್ನು ರೇಂಜಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸೈಲೆನ್ಸರ್ ಹಾಕಿದ ಮೇಲೆ ದುರ್ಬೀನನ್ನು ಮತ್ತೆ ಗುರಿಗೆ ಹೊಂದಿಸಲೇಬೇಕು. ಕಲಬುರಗಿ ಕೋಟೆಯ ಬಾರಾ ಗಜ್ ತೋಪಿನ ಉದ್ದ 29 ಅಡಿ, ಆದರೆ ಅದನ್ನು ಹೊತ್ತು ಪೊದೆಯಲ್ಲಿ ನುಸುಳುವವರಿಲ್ಲ! ಬೇಟೆಗಾರನಿಗೆ ಒಂದು ಗೇಣು ಹೆಚ್ಚಾದರೂ ಕೋವಿ ಕೈಯಲ್ಲಿ ಮುಗ್ಗರಿಸುತ್ತದೆ.

ಗುಂಡು ಹಾರಿದಾಗ ಕೋವಿ ಭುಜಕ್ಕೆ ಕೊಡುವ ಒದೆತ ಮಾತ್ರ ಖಂಡಿತ ತಗ್ಗುತ್ತದೆ. ಭಾರ ಇಲ್ಲಿ ಉಪಕಾರಿ. ಆದರೆ .458 ವಿಂಚೆಸ್ಟರಿನಂಥ ದಪ್ಪ ಕೋವಿಯಲ್ಲಿ ಲಾಭ ಸ್ವಲ್ಪ ಕಡಿಮೆ. ಅಲ್ಲಿ 32 ಗ್ರಾಂ ಗುಂಡಿಗೆ ಮದ್ದು ಐದು ಗ್ರಾಮಿನೊಳಗೆ. ಒದೆತದ ಹೆಚ್ಚಿನ ಪಾಲು ಗುಂಡಿನದೇ, ಸೈಲೆನ್ಸರ್ ಹಿಡಿಯಬಲ್ಲದ್ದು ಅನಿಲವನ್ನಷ್ಟೇ. ಗುಂಡು ಹನ್ನೊಂದೂವರೆ ಮಿಲಿಮೀಟರ್ ದಪ್ಪವಿದ್ದಾಗ ಸೈಲೆನ್ಸರಿನ ತೂತೂ ಅದಕ್ಕಿಂತ ಅಗಲವಿರಬೇಕು. ಅನಿಲ ಅಲ್ಲಿಂದ ಬೇಗ ಜಾರಿಕೊಳ್ಳುತ್ತದೆ. ಅದನ್ನು ಹಿಡಿಯಲು ಒಳಗೆ ಹೆಚ್ಚು ಜಾಗ ಬೇಕು, ಅದಕ್ಕೇ ದಪ್ಪ ಕೋವಿಗಳ ಸೈಲೆನ್ಸರ್ ನೀರಿನ ಬಿಂದಿಗೆಯಂತೆ ಕಾಣುವುದು.

ಒಂದು ಮಾತು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಅಡ್ಡಿಯಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಗೆ ನಿಷೇಧ, ಸೈಲೆನ್ಸರನ್ನು ಸಾಮಾನ್ಯ ಕೋವಿ ಪರವಾನಗಿಯ ಮೇಲೆ ಇಟ್ಟುಕೊಳ್ಳುವಂತಿಲ್ಲ. ನೆನಪಿನ ಕಾಣಿಕೆಯೆಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬೇಡಿ ಎಂದು ಅಳಿಯಂದಿರಿಗೆ ಇಂದೇ ಹೇಳಿಬಿಡಿ.