ಚಾರ್ಲ್ಸ್ ಎಗ್‌ಬರ್ಟ್ ಕ್ರ್ಯಾಡಾಕ್ ಗಂಡಸಾ, ಹೆಂಗಸಾ?
ಹೆಂಗಸೇ. ಅದು ಕಥೆಗಾರ್ತಿಯೊಬ್ಬರು ಇಟ್ಟುಕೊಂಡಿದ್ದ ಗಂಡಸಿನ ಕಾವ್ಯನಾಮ. ನಿಜವಾದ ಹೆಸರು ಮೇರಿ ಮರ್ಫ್ರಿ, 1850ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಜ್ವರ ಬಂದು ಕಾಲು ಕುಂಟಾಗಿತ್ತು. ಬೇಸಿಗೆ ಬಂತೆಂದರೆ ಮನೆಯವರೆಲ್ಲ ಬೀರ್‌ಶೀಬಾ ಸ್ಪ್ರಿಂಗ್ಸ್ ಅನ್ನೋ ಗುಡ್ಡದ ಊರಿಗೆ ಹೋಗುತ್ತಿದ್ದರು, ಅಲ್ಲಿ ಕಂಡ ಬೆಟ್ಟದ ಜನ, ಅವರ ಆಡುಮಾತು, ಜಗಳ ಎಲ್ಲ ಮುಂದೆ ಕಥೆಗಳಿಗೆ ಬಂತು. 1884ರಲ್ಲಿ ‘ಇನ್ ದ ಟೆನೆಸಿ ಮೌಂಟನ್ಸ್’ ಸಂಕಲನ ಬಂದಾಗಲೂ ಓದುಗರಿಗೆ ಗುಟ್ಟು ಗೊತ್ತಿರಲಿಲ್ಲ. ಸಂಪಾದಕರಿಗೇ ಅನುಮಾನ ಬಂದಿರಲಿಲ್ಲ ಬಿಡಿ, ಕೈಬರಹ ಅಷ್ಟು ದಪ್ಪ, ಮಸಿಯೂ ಧಾರಾಳ! 1885ರಲ್ಲಿ ಬಾಸ್ಟನ್‌ಗೆ ಹೋಗಿ ‘ನಾನೇ ಕ್ರ್ಯಾಡಾಕ್’ ಅಂದಾಗ ಅವರ ಕಥೆಗಳನ್ನು ಅಚ್ಚು ಹಾಕುತ್ತಿದ್ದ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯ ಸಂಪಾದಕ ಆಲ್ಡ್ರಿಚ್ ತಬ್ಬಿಬ್ಬಾದರಂತೆ. ಗುಟ್ಟು ಬಯಲಾದ ಮೇಲೂ ಪುಸ್ತಕಗಳ ಮೇಲೆ ಅದೇ ಹೆಸರು ಉಳಿಯಿತು. ಓದೋದಾದರೆ ಸಣ್ಣ ಕಥೆಗಳಿಂದಲೇ ಶುರು ಮಾಡಿ, ಕಾದಂಬರಿಗಳಲ್ಲಿ ಬೆಟ್ಟದ ವರ್ಣನೆ ಸ್ವಲ್ಪ ಜಾಸ್ತಿನೇ ಆಯ್ತು.