ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆ ಸದಸ್ಯೆಯರು ಇಷ್ಟಿದ್ದರೂ ಶಾಸಕಿಯರು ಏಕಿಲ್ಲ?

ಮೀಸಲಾತಿ ಎಲ್ಲಿಯವರೆಗೆ ಇದೆಯೋ ಮಹಿಳೆಯರ ದಾರಿ ಅಲ್ಲಿಗೇ ನಿಲ್ಲುತ್ತಿದೆ. ಪಂಚಾಯಿತಿ, ಪಾಲಿಕೆಗಳಲ್ಲಿ ಅರ್ಧದಷ್ಟು ಸ್ಥಾನ ಅವರಿಗೆ ಮೀಸಲು. ವಿಧಾನಸಭೆಗೆ ಅಂಥ ಮೀಸಲಾತಿ ಇನ್ನೂ ಜಾರಿಯಾಗಿಲ್ಲ. ಅದನ್ನು ಕೊಡುವ 2023ರ ಸಂವಿಧಾನ ತಿದ್ದುಪಡಿ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಕಾಯುತ್ತಿದೆ. 2023ರ ಚುನಾವಣೆಯಲ್ಲಿ ಧಾರವಾಡ ಜಿಲ್ಲೆಯ ಏಳೂ ಕ್ಷೇತ್ರಗಳಲ್ಲಿ ಗೆದ್ದವರು ಗಂಡಸರೇ.

ಹಾಗೆಂದು ಗೆದ್ದವರೇ ಇಲ್ಲ ಎನ್ನಬೇಡಿ. 2008ರಲ್ಲಿ ಸೀಮಾ ಮಸೂತಿ ಧಾರವಾಡದಿಂದ ಬಿಜೆಪಿ ಶಾಸಕಿಯಾದರು. ಕುಂದಗೋಳದ ಕುಸುಮಾವತಿ ಶಿವಳ್ಳಿಯವರ ಕಥೆ ಇನ್ನೂ ಮನ ಕಲಕುತ್ತದೆ. ಸಚಿವರಾಗಿದ್ದ ಪತಿ ಸಿ.ಎಸ್. ಶಿವಳ್ಳಿ 2019ರ ಮಾರ್ಚ್‌ನಲ್ಲಿ ತೀರಿಕೊಂಡರು; ಸುಮಾರು ಎರಡು ತಿಂಗಳಲ್ಲೇ ಕುಸುಮಾವತಿಯವರು ಕಾಂಗ್ರೆಸ್‌ನಿಂದ ಉಪಚುನಾವಣೆಗೆ ನಿಂತು 1,601 ಮತಗಳಿಂದ ಗೆದ್ದರು. ಆದರೆ 2023ರಲ್ಲಿ ಸೋತರು.

ನನ್ನನ್ನು ಕಾಡುವುದು ಪಾಲಿಕೆಗೂ ವಿಧಾನಸಭೆಗೂ ನಡುವಿನ ಮೆಟ್ಟಿಲು. ಪಾಲಿಕೆಯಲ್ಲಿ ವಾರ್ಡಿನ ಮೀಸಲಾತಿ ಬದಲಾದರೆ ನೀರು, ಚರಂಡಿಗಾಗಿ ಐದು ವರ್ಷ ಓಡಾಡಿದವಳು ತನ್ನ ವಾರ್ಡನ್ನೇ ಕಳೆದುಕೊಳ್ಳಬಹುದು. ಮೇಯರ್ ಆದರೂ ಅವಧಿ ಒಂದೇ ವರ್ಷ. ಕಡತ ಅರ್ಥವಾಗುವ ಹೊತ್ತಿಗೆ ಕುರ್ಚಿ ಬಿಡಬೇಕು. ಆಮೇಲೆ ಪಕ್ಷಗಳು ವಿಧಾನಸಭೆ ಟಿಕೆಟ್ ಹಂಚುವಾಗ ಆ ದುಡಿಮೆಯನ್ನು ಅನುಭವವೆಂದು ಎಣಿಸುವುದೇ ಅಪರೂಪ.