ಪಾರ್ಕಿನ್ಸನ್‌ಗೆ ಮಾತ್ರೆ ಬಿಟ್ಟು ಆ್ಯಂಟಿಆಕ್ಸಿಡೆಂಟ್ ಕೊಡಬಹುದಾ?

ಅಮ್ಮನಿಗೆ ಪಾರ್ಕಿನ್ಸನ್ ಇದೆ, ವೈದ್ಯರು ಬರೆದ ಲೆವೊಡೋಪಾ ಮಾತ್ರೆ ರಾಸಾಯನಿಕ, ಅದನ್ನು ಮುಂದಕ್ಕೆ ಹಾಕಿ ಮೊದಲು ನೈಸರ್ಗಿಕವಾದ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಅಂಶ), ವಿಟಮಿನ್ ಇ ಕೊಟ್ಟು ನೋಡಲಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಅಪ್ಪನ ವಿಷಯದಲ್ಲಿ ನಾನು ಮಾಡಿದ್ದು ಇದನ್ನೇ.

ಅವರ ಬಲಗೈ ನಡುಗುತ್ತಿತ್ತು. ಅಂಗಿ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ವೈದ್ಯರು ಮಾತ್ರೆ ಬರೆದುಕೊಟ್ಟರು, ನಾನು ರಾತ್ರಿಯೆಲ್ಲಾ ಕೂತು ಓದಿದೆ. ಮಿದುಳಿನಲ್ಲಿ ಡೋಪಮೈನ್ (ದೇಹದ ಚಲನೆಗೆ ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳು ಸಾಯುತ್ತವೆ, ಅದಕ್ಕೆ ಆಕ್ಸಿಡೇಟಿವ್ ಒತ್ತಡವೂ, ಅಂದರೆ ಆ್ಯಂಟಿಆಕ್ಸಿಡೆಂಟ್‌ಗಳು ತಡೆಯುವಂಥ ರಾಸಾಯನಿಕ ಹಾನಿಯೂ, ಒಂದು ಕಾರಣ, ಇಲಿಗಳಲ್ಲಿ ಕರ್ಕ್ಯುಮಿನ್ ಆ ಕೋಶಗಳನ್ನು ಕಾಪಾಡಿದೆ. ಇದೆಲ್ಲಾ ನಿಜವೇ. ಆದರೆ ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ತುಂಬಾ ಕಡಿಮೆ, ಇನ್ನು ಮಿದುಳಿಗೆ ಎಷ್ಟು ಹೋದೀತು? ಕೈ ನಡುಗಲು ಶುರುವಾಗುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ.

ನನ್ನ ನಿಜವಾದ ತಪ್ಪು ಕರ್ಕ್ಯುಮಿನ್ ಕೊಟ್ಟಿದ್ದಲ್ಲ, ಮಾತ್ರೆಯನ್ನು ತಡೆದಿದ್ದು. ಲೆವೊಡೋಪಾ ನಾಲ್ಕೈದು ವರ್ಷ ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ಕಷ್ಟದ ಕಾಲಕ್ಕೆ ಉಳಿಸಿಟ್ಟುಕೊಳ್ಳಬೇಕು ಅಂತ ಎಲ್ಲೋ ಓದಿ, ಡಬ್ಬಿಯಲ್ಲಿರುವ ಅಕ್ಕಿಯ ಹಾಗೆ ಅದು ಖರ್ಚಾಗುತ್ತದೆ ಅಂದುಕೊಂಡೆ. ಹಾಗಲ್ಲ. ವರ್ಷ ಕಳೆದಂತೆ ಕಾಯಿಲೆ ಬೆಳೆಯುತ್ತದೆ, ಲೆವೊಡೋಪಾದಿಂದ ಆಗುವ ಡೋಪಮೈನ್ ಹಿಡಿದಿಟ್ಟುಕೊಳ್ಳುವ ಕೋಶಗಳು ಇನ್ನಷ್ಟು ಕಡಿಮೆಯಾಗುತ್ತವೆ, ಅದಕ್ಕೇ ಒಂದು ಡೋಸ್‌ನ ಪರಿಣಾಮ ಬೇಗ ಇಳಿಯುವುದು. ನೀವು ಮಾತ್ರೆ ಕೊಡದಿದ್ದರೂ ಕಾಯಿಲೆ ಸುಮ್ನೆ ಕೂರುವುದಿಲ್ಲ. 2019ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ 445 ಜನರಲ್ಲಿ ಒಂದು ಗುಂಪಿಗೆ ಲೆವೊಡೋಪಾ ಕೂಡಲೇ ಕೊಟ್ಟರು, ಇನ್ನೊಂದಕ್ಕೆ 40 ವಾರ ತಡವಾಗಿ. 80 ವಾರಗಳ ಕೊನೆಗೆ ಎರಡೂ ಗುಂಪಿನ ಕಾಯಿಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಅಂದರೆ ತಡ ಮಾಡಿದವರು ಏನನ್ನೂ ಉಳಿಸಲಿಲ್ಲ, ಆ ತಿಂಗಳುಗಳ ಆರಾಮ ಮಾತ್ರ ಕಳೆದುಕೊಂಡರು.

ಅಪ್ಪ ಎಂಟು ತಿಂಗಳು ಕಳೆದುಕೊಂಡರು. ಏಳನೇ ತಿಂಗಳಲ್ಲಿ ಬಚ್ಚಲುಮನೆ ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತಾಗಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಆಮೇಲೆ ಮಾತ್ರೆ ಶುರುವಾಯಿತು, ಕೆಲವೇ ವಾರಗಳಲ್ಲಿ ಗುಂಡಿ ತಾವೇ ಹಾಕಿಕೊಂಡರು. ಕೋಲು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ನೈಸರ್ಗಿಕವೋ ರಾಸಾಯನಿಕವೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೆವೊಡೋಪಾ ನಸುಗುನ್ನಿ ಬೀಜದಲ್ಲೂ ಇದೆ. ಕೇಳಬೇಕಾದದ್ದು, ಮನುಷ್ಯರಲ್ಲಿ ಪರೀಕ್ಷೆ ಮಾಡಿದಾಗ ಕೆಲಸ ಮಾಡಿತಾ ಅಂತ. ವಿಟಮಿನ್ ಇ ಅನ್ನು 800 ಪಾರ್ಕಿನ್ಸನ್ ರೋಗಿಗಳಿದ್ದ ಡೇಟಾಟಾಪ್ ಪರೀಕ್ಷೆಯಲ್ಲಿ ನೋಡಿದರು, 1993ರ ಫಲಿತಾಂಶದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಆದ ಕೋಎನ್‌ಜೈಮ್ ಕ್ಯೂ10 ಕೂಡ 600 ಜನರ ಮೇಲಿನ ಪರೀಕ್ಷೆಯಲ್ಲಿ ಸೋತಿತು, ಅದು 2014ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಲ್ಜೈಮರ್ ಇದ್ದವರಲ್ಲಿ ವಿಟಮಿನ್ ಇ ದಿನನಿತ್ಯದ ಕೆಲಸಗಳ ಕುಸಿತವನ್ನು ಸ್ವಲ್ಪ ನಿಧಾನಿಸಿದ್ದು ಕಂಡಿತು, ಆದರೆ ಅದು ಬೇರೆ ಕಾಯಿಲೆ ಅಲ್ವಾ.

ಈ ವಾರವೇ ಮಾತ್ರೆ ಶುರು ಮಾಡಿಸಿ. ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಜಾಸ್ತಿ ಡೋಸ್‌ನ ವಿಟಮಿನ್ ಇ ಬೇಡವೇ ಬೇಡ, ರಕ್ತಸ್ರಾವದ ಅಪಾಯ ಇದೆ. ಕಬ್ಬಿಣದ ಮಾತ್ರೆ ಇದ್ದರೆ ವೈದ್ಯರಿಗೆ ಹೇಳಿ, ಎರಡನ್ನೂ ಜೊತೆಗೇ ನುಂಗಿದರೆ ಲೆವೊಡೋಪಾ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮತ್ತೆ, ಬಚ್ಚಲುಮನೆಗೆ ಇವತ್ತೇ ಒಂದು ಹಿಡಿಕೆ ಹಾಕಿಸಿ.